ಮೆಕ್ಕೆಜೋಳದ ಪುನರಾವರ್ತಿತ ಡಿ.ಎನ್.ಎ.ಯ ಕಾಲಗಣನೆ: ಒಂದು ವಿಮರ್ಶೆ

ಮೆಕ್ಕೆಜೋಳದ ಜೀನೋಮಿನಲ್ಲಿ ಸುಮಾರು 230 ಕೋಟಿ ಪ್ರತ್ಯಾಮ್ಲ ಜೋಡಿಗಳಿವೆ. ನಮ್ಮ ಹೊಲಗಳ ಜೋಳದಲ್ಲಿ ಇರುವುದು ಸುಮಾರು 73 ಕೋಟಿ. ಇವೆರಡೂ ಹತ್ತಿರದ ದಾಯಾದಿಗಳು. ಮೆಕ್ಕೆಜೋಳದ ಪೂರ್ವಜದಲ್ಲಿ ಜೀನೋಮು ಒಮ್ಮೆ ಇಮ್ಮಡಿಯಾಯಿತೆಂಬುದು ನಿಜವಾದರೂ ಅಷ್ಟರಿಂದಲೇ ಈ ಅಂತರದ ಲೆಕ್ಕ ಹೊಂದುವುದಿಲ್ಲ. 2009ರಲ್ಲಿ ಪ್ರಕಟವಾದ ಜೀನೋಮಿನ ಪಾಠದಂತೆ ಅದರ ನೂರರಲ್ಲಿ ಸುಮಾರು 85 ಪಾಲು ಸ್ಥಾನಾಂತರಶೀಲ ಅಂಶಗಳಿಂದಲೇ ತುಂಬಿದೆ. ಇವು ಯಾವಾಗ ಬಂದು ಸೇರಿದುವು?

ಈ ಪ್ರಶ್ನೆಗೆ ಮೊದಲು ಸಮರ್ಪಕವಾದ ಉತ್ತರವನ್ನು ಅರಸಿದವರು ಸ್ಯಾನ್‌ಮಿಗೆಲ್, ಬೆನೆಟ್ಸೆನ್ ಮತ್ತು ಅವರ ಸಹಕಾರಿಗಳು. 1998ರ ಅವರ ಪ್ರಬಂಧದ ಯುಕ್ತಿ ಸರಳವೂ ಸುಂದರವೂ ಆದುದು. ರೆಟ್ರೊಟ್ರಾನ್ಸ್‌ಪೋಸಾನ್ ಹೊಸ ಸ್ಥಾನದಲ್ಲಿ ಸೇರುವಾಗ ಅದರ ಎರಡು ತುದಿಗಳಲ್ಲಿರುವ ಪುನರಾವೃತ್ತಿಗಳು ಒಂದನ್ನೊಂದು ಪೂರ್ಣವಾಗಿ ಹೋಲುತ್ತವೆ. ಬಳಿಕ ಎರಡೂ ಬೇರೆಬೇರೆಯಾಗಿ ಮಾರ್ಪಡುತ್ತವೆ. ಆದ್ದರಿಂದ ಅವುಗಳ ನಡುವಣ ವ್ಯತ್ಯಾಸವೇ ಸೇರ್ಪಡೆಯ ಕಾಲವನ್ನು ತಿಳಿಸುವ ಗಡಿಯಾರ. ಒಂದು ಅಂಶದ ಒಳಗೆ ಇನ್ನೊಂದು ಸೇರಿರುವೆಡೆಗಳಲ್ಲಿ ಒಳಗಿನದು ಕಿರಿಯದೆಂಬ ನಿರೀಕ್ಷೆಯೂ ಬಹುಮಟ್ಟಿಗೆ ಸಫಲವಾಯಿತು. ಕಳೆದ 30 ಲಕ್ಷ ವರ್ಷಗಳಲ್ಲಿ ಜೀನೋಮು ಸುಮಾರು 120 ಕೋಟಿಯಿಂದ 240 ಕೋಟಿಗೆ ಬೆಳೆಯಿತೆಂಬುದು ಲೇಖಕರ ಸಿದ್ಧಾಂತ.

ಇಲ್ಲಿ ಎರಡು ಆಕ್ಷೇಪಗಳಿಗೆ ಎಡೆಯುಂಟು. ಮೊದಲನೆಯದು ಗಡಿಯಾರದ ವೇಗಕ್ಕೆ ಸಂಬಂಧಿಸಿದುದು. ಲೇಖಕರು ಬಳಸಿದ ದರವು ಹುಲ್ಲುಗಳ ಜೀನುಗಳಿಂದ ಪಡೆದುದು. ಆದರೆ ರೆಟ್ರೊಟ್ರಾನ್ಸ್‌ಪೋಸಾನುಗಳಲ್ಲಿ ಮೀಥೈಲ್ ಗುಂಪು ಸೇರಿದ ಸೈಟೊಸೀನು ಹೇರಳ. ಅದು ಥೈಮೀನಾಗಿ ಸುಲಭವಾಗಿ ಮಾರ್ಪಡುತ್ತದೆ. ಭತ್ತದ ಎರಡು ಉಪಜಾತಿಗಳನ್ನು ಹೋಲಿಸಿ ಮಾ ಮತ್ತು ಬೆನೆಟ್ಸೆನ್ 2004ರಲ್ಲಿ ಈ ದರ ಸುಮಾರು ಇಮ್ಮಡಿಯೆಂದು ತೋರಿಸಿದರು. ಅದನ್ನು ಒಪ್ಪಿದರೆ 30 ಲಕ್ಷವು 15 ಲಕ್ಷಕ್ಕೆ ಇಳಿಯುತ್ತದೆ. ಇದು ಸಿದ್ಧಾಂತಕ್ಕೆ ಬಾಧಕವಲ್ಲ, ತಿದ್ದುಪಡಿ ಮಾತ್ರ.

ಎರಡನೆಯದು ಗಹನವಾದುದು. ಎರಡು ತುದಿಗಳ ನಡುವೆ ಪುನಸ್ಸಂಯೋಜನೆಯಾದಾಗ ಇಡೀ ಅಂಶ ಕಳಚಿ ಒಂದು ತುದಿ ಮಾತ್ರ ಉಳಿಯುತ್ತದೆ. ಒಂಟಿ ತುದಿಗೆ ಜೊತೆಯಿಲ್ಲ. ಅದರ ಕಾಲವನ್ನು ಈ ಗಡಿಯಾರ ಹೇಳಲಾರದು. ಭತ್ತದಲ್ಲಿ ಇಂಥ ಅಂಶಗಳ ಅರ್ಧಾಯುಷ್ಯ 60 ಲಕ್ಷ ವರ್ಷಗಳಿಗಿಂತಲೂ ಕಡಿಮೆಯೆಂದು 2004ರಲ್ಲಿ ಅಂದಾಜಾಯಿತು. ಹೀಗಿರುವಾಗ, ಉಳಿದ ಅಂಶಗಳೆಲ್ಲ ಎಳೆಯವೆಂಬುದರಿಂದ ಹಿಂದೆ ಅಂಶಗಳೇ ಇರಲಿಲ್ಲವೆಂದು ನಿರ್ಣಯಿಸುವುದು, ಊರಿನಲ್ಲಿ ಈಗ ಬದುಕಿರುವವರ ವಯಸ್ಸನ್ನು ಎಣಿಸಿ ಊರು ಹುಟ್ಟಿದ ಕಾಲವನ್ನು ಹೇಳಿದಂತೆ. ಜೋಳದ ಸಮಾನ ಭಾಗದಲ್ಲಿ ಈ ಅಂಶಗಳಿಲ್ಲವೆಂಬುದು ಲೇಖಕರ ಪಕ್ಷಕ್ಕೆ ಬಲ ಕೊಡುವುದು ದಿಟ. ಆದರೆ ಜೋಳವೂ ತನ್ನ ಹಳೆಯ ಅಂಶಗಳನ್ನು ಕಳೆದುಕೊಂಡಿರಬಹುದಷ್ಟೆ.

ಆದಕಾರಣ ಪ್ರಬಂಧದಲ್ಲಿ ಗ್ರಾಹ್ಯವಾದುದನ್ನೂ ಸಂದಿಗ್ಧವಾದುದನ್ನೂ ಬೇರ್ಪಡಿಸಬೇಕು. ಇಂದಿನ ಅಂಶಗಳು ಇತ್ತೀಚೆಗೆ ಸೇರಿದುವೆಂಬುದು ಗ್ರಾಹ್ಯ. ಆರಂಭದಲ್ಲಿ ಜೀನೋಮಿನ ಗಾತ್ರ 120 ಕೋಟಿಯೇ ಆಗಿತ್ತೆಂಬುದು ಸಂದಿಗ್ಧ. ಬೆಳೆಸಸ್ಯಗಳ ಜೀನೋಮು ಉಬ್ಬುತ್ತಲೇ ಹೋಗುತ್ತದೆಂದು ತರಗತಿಯಲ್ಲಿ ಬೋಧಿಸಿದರೆ ಆಯವನ್ನು ಮಾತ್ರ ಬರೆದು ವ್ಯಯವನ್ನು ಬಿಟ್ಟ ಲೆಕ್ಕವನ್ನು ವಿದ್ಯಾರ್ಥಿಗೆ ಒಪ್ಪಿಸಿದಂತಾಗುತ್ತದೆ. ಈ ವ್ಯಯದ ಲೆಕ್ಕಕ್ಕೆ ಮುಂದೆ ಕೈಹಾಕಿದವರಲ್ಲಿ ಬೆನೆಟ್ಸೆನ್ ಅವರೇ ಒಬ್ಬರೆಂಬುದು ಆ ಪ್ರಬಂಧದ ಹಿರಿಮೆಯನ್ನು ಕುಗ್ಗಿಸದೆ ಹೆಚ್ಚಿಸುತ್ತದೆ.