ಅಕ್ಷಿಪಟಲದ ರಂಧ್ರಭೇದಗಳೂ ಶಸ್ತ್ರಕರ್ಮದ ಫಲವೂ

ಅಕ್ಷಿಪಟಲದ ನಡುವೆ ಮ್ಯಾಕುಲಾ ಎಂಬ ಅಲ್ಪಪ್ರದೇಶವೊಂದುಂಟು. ಅಕ್ಷರಗಳನ್ನೋದುವುದೂ ಮುಖಗಳನ್ನು ಗುರುತಿಸುವುದೂ ಇದರ ಬಲದಿಂದಲೇ. ಇಲ್ಲಿ ತೋರುವ ಮೂರು ದೋಷಗಳಿಗೆ ರಂಧ್ರವೆಂಬ ಒಂದೇ ಹೆಸರು ಸಲ್ಲುತ್ತ ಬಂದಿದೆ. ಪಟಲದ ಪದರಗಳನ್ನೆಲ್ಲ ಭೇದಿಸಿದುದು ಪೂರ್ಣರಂಧ್ರ. ಒಳಪದರಗಳು ಮಾತ್ರ ನಷ್ಟವಾದುದು ಅರ್ಧರಂಧ್ರ. ಮೇಲೆ ಬೆಳೆದ ಪೊರೆಯು ಸುಕ್ಕುಗಟ್ಟಿ ರಂಧ್ರದಂತೆ ತೋರಿಸುವುದು ರಂಧ್ರಾಭಾಸ. ಕಡೆಯದರಲ್ಲಿ ರಂಧ್ರವೇ ಇಲ್ಲ. ಹೀಗಿರಲು ಮೂರರ ಚಿಕಿತ್ಸಾಫಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಷ್ಟರ ಮಟ್ಟಿಗೆ ಯುಕ್ತವೆಂಬುದು ವಿಚಾರಣೀಯ.

ಪೂರ್ಣರಂಧ್ರದಲ್ಲಿ ಶಸ್ತ್ರದ ಉದ್ದೇಶ ಸ್ಪಷ್ಟವಾಗಿದೆ. ಕೆಲ್ಲಿ, ವೆಂಡೆಲ್ ಎಂಬ ಅಮೆರಿಕದ ವೈದ್ಯರಿಬ್ಬರು 52 ಕಣ್ಣುಗಳೊಳಗಿನ ಲೋಳೆರಸವನ್ನು ತೆಗೆದು, ಅನಿಲವನ್ನು ತುಂಬಿ, ರೋಗಿಗಳನ್ನು ಅಧೋಮುಖವಾಗಿರಿಸಿದ ವೃತ್ತಾಂತವನ್ನು 1991ರಲ್ಲಿ ಪ್ರಕಟಿಸಿದರು. ನೂರಕ್ಕೆ 58ರಷ್ಟು ಕಣ್ಣುಗಳಲ್ಲಿ ರಂಧ್ರ ಮುಚ್ಚಿತು; ಮುಚ್ಚಿದವುಗಳಲ್ಲಿ ನೂರಕ್ಕೆ 73ರಲ್ಲಿ ದೃಷ್ಟಿಯು ಪರೀಕ್ಷಾಫಲಕದ ಎರಡು ಸಾಲುಗಳಷ್ಟೋ ಅದಕ್ಕಿಂತ ಹೆಚ್ಚೋ ಏರಿತು. ಒಟ್ಟು ಕಣ್ಣುಗಳನ್ನೆಣಿಸಿದರೆ ಇದು 42 ಮಾತ್ರ. ಮೂರೂ ಅಂಕಗಳು ಸತ್ಯವೇ. ಆದರೆ ಮುಚ್ಚುವುದು ಬೇರೆ, ಕಾಣುವುದು ಬೇರೆ. ರೋಗಿಯು ಬಂದುದು ಕಾಣುವುದಕ್ಕಾಗಿ. ಈಗ ರಂಧ್ರದ ಸುತ್ತಣ ಅತಿಸೂಕ್ಷ್ಮವಾದ ಒಳಪೊರೆಯನ್ನು ಸುಲಿಯುವ ಕ್ರಮದಿಂದ ಸಣ್ಣ ರಂಧ್ರಗಳು ನೂರಕ್ಕೆ 90ಕ್ಕೂ ಮಿಕ್ಕಿ ಮುಚ್ಚುತ್ತವೆ. 400 ಮೈಕ್ರಾನಿಗೆ ಮೀರಿದವುಗಳಲ್ಲಿ ಅಷ್ಟು ಸುಲಭವಲ್ಲ. ಅಂಥವಕ್ಕೆ ಪೊರೆಯನ್ನು ಕಿತ್ತುಬಿಡದೆ ರಂಧ್ರದ ಮೇಲೆ ಮಗುಚಿಡುವ ವಿಧಾನವು 2010ರಲ್ಲಿ ಪ್ರಕಟವಾಯಿತು.

ಅರ್ಧರಂಧ್ರದ ಮಾತಿಗೆ ಬಂದರೆ ಗೊಂದಲ. ಸುಶ್ರುತನು ಲಿಂಗನಾಶದ ಭೇದಗಳನ್ನು ಹೇಳಿ, ಕಫಜವೊಂದಕ್ಕೇ ಶಸ್ತ್ರವನ್ನು ವಿಧಿಸಿ ಉಳಿದವನ್ನು ಬಿಟ್ಟನು. ಲಕ್ಷಣನಿರ್ಣಯವು ಮೊದಲು, ಶಲಾಕೆಯು ಅನಂತರ. ಇಲ್ಲಿ ಆ ಕ್ರಮ ತಲೆಕೆಳಗಾಯಿತು. ಅಂಗಾಂಶವೇ ನಷ್ಟವಾದ ನಿಜವಾದ ಅರ್ಧರಂಧ್ರವನ್ನೂ, ಪೊರೆಯ ಸೆಳೆತದಿಂದ ಪದರಗಳು ಬಿಟ್ಟುಕೊಂಡ ವಿಕಾರವನ್ನೂ ಒಂದೇ ಹೆಸರಿನಿಂದ ಎಣಿಸಿದ ಬರೆಹಗಳು ಬಹಳ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಇವೆರಡನ್ನೂ ರಂಧ್ರಾಭಾಸವನ್ನೂ ಬೇರೆಬೇರೆಯಾಗಿ ಲಕ್ಷಣೀಕರಿಸಿದರು. ಅದಕ್ಕೆ ಹಿಂದಿನ ಕೋಷ್ಟಕಗಳಲ್ಲಿ ಲಕ್ಷಣವು ಅತಿವ್ಯಾಪ್ತಿದೋಷಕ್ಕೆ ಒಳಗಾಗಿರುವುದರಿಂದ ಸರಾಸರಿಯು ಯಾವ ರೋಗಿಯದೂ ಅಲ್ಲ. ಸೆಳೆಯುವ ಪೊರೆಯನ್ನು ತೆಗೆದರೆ ಪಟಲವು ಸ್ವಸ್ಥಾನಕ್ಕೆ ಬರಬಹುದು. ಇಲ್ಲದ ಅಂಗಾಂಶವನ್ನು ಶಸ್ತ್ರವು ತಂದುಕೊಡಲಾರದು. ಮೇಲಾಗಿ, ಶಸ್ತ್ರಾನಂತರ ಅರ್ಧರಂಧ್ರವು ಪೂರ್ಣರಂಧ್ರವಾಗಿ ಪರಿಣಮಿಸಿದ ಪ್ರಸಂಗಗಳೂ ದಾಖಲಾಗಿವೆ. ದೃಷ್ಟಿಯು ಕುಂದದೆ ನಿಂತಿರುವ ಇಂಥ ಕಣ್ಣಿಗೆ ಪೂರ್ಣರಂಧ್ರದ ಸಿದ್ಧಿಯನ್ನು ಪ್ರಮಾಣವಾಗಿ ತೋರಿಸಿ ಶಸ್ತ್ರವನ್ನು ಹೇಳುವುದು ಹೇತ್ವಾಭಾಸವೇ ಸರಿ.