ಹರಾಜಿನಿಂದ ಮರಳಿದ ಮನೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮಗೆ ಬಿ. ಆರ್. ಪಂತುಲು ಎಂದೊಡನೆ 1961ರ ‘ಕಿತ್ತೂರು ಚೆನ್ನಮ್ಮ’ ನೆನಪಾಗುವುದು ಸಹಜ. ನಮ್ಮ ಜಿಲ್ಲೆಯ ರಾಣಿಯನ್ನು ಬೆಳ್ಳಿತೆರೆಗೆ ತಂದ ಆ ನಿರ್ದೇಶಕರು 1910ರಲ್ಲಿ ಜನಿಸಿ, ರಂಗಭೂಮಿಯಲ್ಲಿ ಪಳಗಿ, ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿ, ಕನ್ನಡ ಮತ್ತು ತಮಿಳು ಚಿತ್ರರಂಗಗಳೆರಡರಲ್ಲೂ ದುಡಿದು 1974ರಲ್ಲಿ ನಿಧನರಾದರು. ಆದರೆ ಅವರ ಹಿರಿಮೆಯನ್ನು ಅಳೆಯಲು ಕೋಟೆ ಕತ್ತಿಗಳ ಆ ಚಿತ್ರಕ್ಕಿಂತ 1958ರ ‘ಸ್ಕೂಲ್ ಮಾಸ್ಟರ್’ ಹೆಚ್ಚು ತಕ್ಕದ್ದೆಂದು ನನ್ನ ಎಣಿಕೆ.

ಅದರಲ್ಲಿ ಪಂತುಲು ಅವರೇ ಪ್ರಾಮಾಣಿಕ ಉಪಾಧ್ಯಾಯ, ಎಂ. ವಿ. ರಾಜಮ್ಮ ಅವರ ಮಡದಿ. ಇಳಿವಯಸ್ಸಿನಲ್ಲಿ ಮಕ್ಕಳು ಹೆತ್ತವರನ್ನು ಹಂಚಿಕೊಳ್ಳುತ್ತಾರೆ: ತಂದೆ ಒಬ್ಬನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ. ಇಲ್ಲಿ ಯುದ್ಧವಿಲ್ಲ, ರಕ್ತವಿಲ್ಲ; ಆದರೂ ವೃದ್ಧ ದಂಪತಿಗಳ ಆ ಅಗಲಿಕೆ ಯಾವ ರಣರಂಗಕ್ಕಿಂತಲೂ ಕ್ರೂರವಾಗಿ ತೋರುತ್ತದೆ.

ಕೊನೆಗೆ ಹರಾಜಿಗೆ ಬಂದ ಮನೆಯನ್ನು ಹಳೆಯ ಶಿಷ್ಯನೊಬ್ಬನು ಕೊಂಡು ಗುರುವಿಗೆ ಮರಳಿಸುತ್ತಾನೆ. ಆ ಪಾತ್ರದಲ್ಲಿ ಶಿವಾಜಿ ಗಣೇಶನ್ ಇದ್ದಾರೆ. ಈ ಮುಕ್ತಾಯ ಕಣ್ಣುಗಳನ್ನು ತೇವಗೊಳಿಸುವುದು ನಿಜ. ಚಿತ್ರದ ಕೊರತೆಯೂ ಅಲ್ಲೇ ಇದೆ. ಮಕ್ಕಳು ತೀರಿಸಬೇಕಾದ ಋಣವನ್ನು ಶಿಷ್ಯನ ಔದಾರ್ಯ ತೀರಿಸಿಬಿಡುತ್ತದೆ. ನಾವು ಹಗುರ ಮನಸ್ಸಿನಿಂದ ಎದ್ದುಬರುತ್ತೇವೆ. ಮನೆಯನ್ನು ಹಣಕೊಟ್ಟು ಬಿಡಿಸಿಕೊಳ್ಳಬಹುದು. ಗಂಡಹೆಂಡಿರು ಅಗಲಿ ಕಳೆದ ದಿನಗಳನ್ನು ಬಿಡಿಸಿ ತರುವವರು ಯಾರು?

ಘಟಪ್ರಭೆಯ ಸೀಮೆಯ ನಮ್ಮ ಊರುಗಳಿಂದಲೂ ಮಕ್ಕಳು ಬೆಳಗಾವಿ, ಪುಣೆ, ಬೆಂಗಳೂರುಗಳಿಗೆ ಹೋಗಿದ್ದಾರೆ. ಹಣ ತಪ್ಪದೆ ಕಳುಹಿಸುವವರೂ ಇದ್ದಾರೆ. ಅವರು ರಜೆಗೆ ಬಂದಾಗ ಜೊತೆಯಲ್ಲಿ ಕುಳಿತು ಈ ಚಿತ್ರವನ್ನು ನೋಡಿರಿ. ಶಿಷ್ಯನು ಬರುವ ಮುನ್ನ ಅದನ್ನು ನಿಲ್ಲಿಸಿ, ‘ಈಗ ಯಾರು ಬರಬೇಕಿತ್ತು?’ ಎಂದು ಕೇಳಿರಿ.