ಮಂಡಿಯಿಲ್ಲದ ರಾಜಕುಮಾರಿ

‘ನಾರ್ಬಾಕ್ಯುಲರ್ ಡ್ರಾಪ್’ ಗೇಮಿನ ನಾಯಕಿಗೆ ಜಿಗಿಯಲು ಬರುವುದಿಲ್ಲ. ಅದಕ್ಕೇ ಅವಳು ನೋ-ನೀಸ್, ಮಂಡಿಯಿಲ್ಲದ ರಾಜಕುಮಾರಿ. ಅಮೆರಿಕದ ರೆಡ್ಮಂಡ್‌ನ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ಮಾಡಿದ ಗೇಮ್ ಇದು. ರಾಕ್ಷಸ ಅವಳನ್ನು ಸೆರೆಯಲ್ಲಿಟ್ಟಿದ್ದಾನೆ. ಸೆರೆಮನೆಗೇ ಜೀವವಿದೆ, ಅದರ ಹೆಸರು ವಾಲಿ (ಕಿಷ್ಕಿಂಧೆಯವನಲ್ಲ). ಈ ವಾಲಿ ಎರಡು ದ್ವಾರ ತೆರೆದುಕೊಡುತ್ತಾನೆ. ಒಂದರೊಳಗೆ ಹೊಕ್ಕವಳು ಇನ್ನೊಂದರಿಂದ ಹೊರಬರುತ್ತಾಳೆ.

ಕಥೆ ಹಳಸಲು. ಆದರೆ ಆ ಮಂಡಿಯ ವಿಷಯದಲ್ಲಿ ತಂಡ ತೋರಿದ ಜಾಣತನ ಅಪರೂಪದ್ದು. ನಾಯಕಿ ಜಿಗಿಯಬಲ್ಲಳು ಎಂದಿದ್ದರೆ ಏನೇನು ಬೇಕಾಗುತ್ತಿತ್ತು ನೋಡಿ: ನೆಗೆಯುವ, ಇಳಿಯುವ ಅನಿಮೇಷನ್, ಪ್ರತಿ ಹಳ್ಳದ ಅಗಲ, ಪ್ರತಿ ಕಟ್ಟೆಯ ಎತ್ತರಕ್ಕೆ ಹೊಸ ಲೆಕ್ಕ, ದ್ವಾರದ ಗೊಡವೆಯೇ ಇಲ್ಲದೆ ಹಾರಿಹೋಗುವ ಆಟಗಾರನನ್ನು ತಡೆಯುವ ಉಪಾಯ. ‘ಇವಳು ಜಿಗಿಯುವುದಿಲ್ಲ’ ಎಂದ ಮೇಲೆ ಅವೆಲ್ಲ ಬೇಡವಾದವು, ಆಟಗಾರನಿಗೂ ದ್ವಾರವೇ ಗತಿಯಾಯಿತು. ಚಿತ್ರ ಬರೆಯುವವರು, ಕೋಡ್ ಬರೆಯುವವರು, ಹಂತಗಳನ್ನು ಕಟ್ಟುವವರು ಎಲ್ಲರೂ ತಲೆಬಾಗುವ ನಿಯಮ ಅದು.

ತಂಡದ ಒಪ್ಪಂದವೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಹಿ ಹಾಕುವ ಕಾಗದದಲ್ಲಿ ಇಂಥದ್ದು ಇರುವುದಿಲ್ಲ. ವಾರಕ್ಕೆಷ್ಟು ಸಭೆ, ಸಂದೇಶಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ, ಕೈಕೊಟ್ಟವರನ್ನು ಏನು ಮಾಡುವುದು, ಇಷ್ಟೇ. ಇವು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ತಂಡಗಳು ಒಡೆಯುವುದು ತಡವಾಗಿ ಬಂದವನಿಂದ ಮಾತ್ರವಲ್ಲ. ಒಬ್ಬಳ ತಲೆಯಲ್ಲಿ ಗಂಭೀರ ಕಥೆ, ಇನ್ನೊಬ್ಬನದರಲ್ಲಿ ತಮಾಷೆ; ಪಾತ್ರ ಓಡುತ್ತದೋ ತೆವಳುತ್ತದೋ ತೀರ್ಮಾನವಾಗುವ ಮೊದಲೇ ಅದರ ಉಡುಪಿನ ನಕ್ಷೆಗಳ ರಾಶಿ. ಕೊನೆಗೆ ಆ ನಕ್ಷೆ ಬರೆದವಳ ಮನಸ್ಸು ನೋಯಬಾರದೆಂದು ಆಟವನ್ನೇ ಬದಲಿಸುತ್ತಾರೆ! ಶಿಸ್ತಿನ ಕಾಗದ ಇದಕ್ಕೆ ಏನೂ ಹೇಳದು.

ಹಾಗಂತ ನೋ-ನೀಸ್ ಒಳ್ಳೆಯ ಪಾತ್ರವೇ? ಅಲ್ಲ. ಅವಳು ಒಂದು ನಗೆಹನಿ, ಅಷ್ಟೇ. ತಪ್ಪಿಸಿಕೊಳ್ಳುವುದನ್ನು ಬಿಟ್ಟರೆ ಅವಳಿಗೆ ಬೇರೆ ಹಂಬಲವಿಲ್ಲ. ಈ ಕೊರತೆ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ‘ಆಕ್ಟೊಡ್ಯಾಡ್’ನಲ್ಲಿ (2010) ಇಲ್ಲ. ಅಲ್ಲಿನ ನಾಯಕ ಕೋಟು ತೊಟ್ಟು ಮನುಷ್ಯನಂತೆ ಸಂಸಾರ ನಡೆಸುವ ಆಕ್ಟೋಪಸ್. ಹೆಂಡತಿ ಮಕ್ಕಳಿಗೆ ಗುಟ್ಟು ಗೊತ್ತಿಲ್ಲ. ಕೈಕಾಲುಗಳನ್ನು ಆಟಗಾರ ಬಿಡಿಬಿಡಿಯಾಗಿ ಆಡಿಸಬೇಕು, ಹಾಗಾಗಿ ಎರಡು ಹೆಜ್ಜೆಗೆ ಒಂದು ಕುರ್ಚಿ ಉರುಳುತ್ತದೆ. ಬೇರೆ ಗೇಮಿನಲ್ಲಿ ದೋಷವೆನಿಸುವ ಈ ಒಡ್ಡೊಡ್ಡು ಚಲನೆಯೇ ಇಲ್ಲಿ ಸಿಕ್ಕಿಬೀಳುವ ಭಯವಾಗುತ್ತದೆ. ಮಿತಿ ಇಲ್ಲಿ ಸ್ವಭಾವವಾಗಿದೆ. ಆ ತಂಡದ ಹಲವರು ಮುಂದೆ ಯಂಗ್ ಹಾರ್ಸಸ್ ಎಂಬ ಕಂಪನಿ ಕಟ್ಟಿ, 2014ರಲ್ಲಿ ಇದೇ ಪಾತ್ರದ ದೊಡ್ಡ ಗೇಮ್ ತಂದರು.

ಡಿಜಿಪೆನ್ ತಂಡವನ್ನು ವಾಲ್ವ್ ಕಂಪನಿ ಕೆಲಸಕ್ಕೆ ತೆಗೆದುಕೊಂಡಿತು. 2007ರ ‘ಪೋರ್ಟಲ್’ ಅಲ್ಲಿ ಹುಟ್ಟಿತು. ಅದರ ನಾಯಕಿ ಚೆಲ್ ಜಿಗಿಯುತ್ತಾಳೆ, ಎಷ್ಟು ಎತ್ತರದಿಂದ ಬಿದ್ದರೂ ಕಾಲು ಮುರಿಯುವುದಿಲ್ಲ. ಅದಕ್ಕೆ ಕಾರಣ ತೋರಿಸಲು ಅವಳ ಹಿಮ್ಮಡಿಗೆ ಸ್ಪ್ರಿಂಗ್ ಕಟ್ಟಿದರು. ಅಂದರೆ ಅನುಭವಸ್ಥರ ಕಂಪನಿಯಲ್ಲೂ ಆಟ ಏನು ಕೇಳಿತೋ ಅದರಂತೆ ದೇಹ ಬಂತು.